ಒಂದು ಬೆನ್ನಿಗೆ ಮೂರು ಕೊಟೇಶನ್

ಮಸ್ಕತ್

ಪದ್ಮಳ ಬೆನ್ನುನೋವು ಯಾವುದರಿಂದ ವಾಸಿಯಾಯಿತು ಎಂದು ಮಸ್ಕತ್ತಿನ ಗೆಳೆಯರು ಸಿಕ್ಕಲ್ಲೆಲ್ಲ ಕೇಳುತ್ತಿದ್ದಾರೆ. ಸೊಂಟ ಹಿಡಿದುಕೊಂಡವರೆಲ್ಲ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಡಾಕ್ಟರ ವಿಳಾಸ ಕೇಳಿ ಹೋಗುವುದು ವಾಡಿಕೆಯಾಗಿಬಿಟ್ಟಿದೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ಓದಿದ ಮೇಲೆ ಉತ್ತರ ಸಿಗುತ್ತದೆ ಎಂದು ಮಾತ್ರ ಮಾತು ಕೊಡಲಾರೆ.

ಪ್ರವಾಸ ಕಥನ ಬರೆಯುವವರು ತಮ್ಮೂರು ಬಿಟ್ಟು ಪರದೇಶಕ್ಕೆ ಹೋಗುತ್ತಾರೆ. ನಮ್ಮದು ಉಲ್ಟಾ. ಮದುವೆಯಾದ ವರ್ಷವೇ ಮಸ್ಕತ್ತಿಗೆ ಬಂದವರು ನಾವು, ಮನೆ ಎಂದರೆ ಇದೇ ಆಗಿಹೋಗಿದೆ. ನಾನು ಚಾಮರಾಜನಗರದ ಕಡೆಯವನು, ಹುಬ್ಬಳ್ಳಿಯಿಂದ ಆಚೆಗೆ ಕಾಲಿಟ್ಟವನಲ್ಲ. ಹಾಗಾಗಿ ಬೆಳಗಾವಿ, ಖಾನಾಪುರ ಎರಡೂ ನನ್ನ ಪಾಲಿಗೆ ಸಮುದ್ರ ದಾಟಿ ನೋಡಿದ ಹೊಸ ದೇಶವೇ. ಭಾಷೆ ಒಂದೇ ಎಂದುಕೊಂಡು ಹೋಗಿದ್ದೆ. ಮೊದಲ ದಿನ ಅರ್ಧ ಮಾತು ತಲೆಯ ಮೇಲೆ ಹಾದುಹೋಯಿತು.

ನನ್ನ ಕೆಲಸ ಒಂದು ಕಟ್ಟಡ ಕಂಪನಿಯ ಖರೀದಿ ವಿಭಾಗದಲ್ಲಿ. ಸಿಮೆಂಟಿರಲಿ, ಬಲ್ಬಿರಲಿ, ಮೂರು ಕೊಟೇಶನ್ ಇಲ್ಲದೆ ನನ್ನ ಕೈ ಸಹಿ ಹಾಕುವುದಿಲ್ಲ. ಮೂರೂ ಬಂದ ಮೇಲೆ ಜಾಸ್ತಿ ಹೇಳಿದವನು ಯಾಕೆ ಜಾಸ್ತಿ ಹೇಳಿದ, ಕಡಿಮೆ ಹೇಳಿದವನು ಏನು ಮುಚ್ಚಿಟ್ಟ ಎಂದು ನೋಡಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದರೆ ಮನುಷ್ಯ ಮನೆಯಲ್ಲೂ ಹಾಗೇ ಆಗುತ್ತಾನೆ. ಹಾಲು ಗಟ್ಟಿಯಾಗಿದ್ದರೂ ನಾನು ಹುಬ್ಬು ಗಂಟಿಕ್ಕುತ್ತೇನೆ ಎಂದು ಪದ್ಮ ರೇಗಿಸುತ್ತಾಳೆ.

ಅವಳಿಗೆ ನೋವು ಶುರುವಾದದ್ದು ಸೊಂಟದಲ್ಲಿ. ನಿಧಾನಕ್ಕೆ ಎಡಗಾಲಿಗೆ ಇಳಿಯಿತು. ಬಗ್ಗಿ ನೆಲದ ಮೇಲಿನ ಪಾತ್ರೆ ಎತ್ತಲಾರಳು, ಕೂತರೆ ಏಳಲಾರಳು. ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುವ ಸದ್ದು ನನಗೆ ಕೇಳಿಸುತ್ತಿತ್ತು. ದೊಡ್ಡ ಆಸ್ಪತ್ರೆಯ ತಜ್ಞರು ಸ್ಕ್ಯಾನ್ ತೆಗೆಸಿದರು. ಬೆನ್ನೆಲುಬಿನ ನಡುವಿನ ಮೆತ್ತೆ ಹೊರಗೆ ಉಬ್ಬಿ ನರವನ್ನು ಒತ್ತುತ್ತಿದೆ, ಆಪರೇಷನ್ ಮಾಡಿಸುವುದೇ ಒಳ್ಳೆಯದು ಎಂದರು. ಸಮಾಧಾನದ ಮನುಷ್ಯ, ನಗುತ್ತ ಹೇಳಿದರು. ನನಗೆ ಆ ನಗುವೇ ಹಿಡಿಸಲಿಲ್ಲ. ಆಸ್ಪತ್ರೆಗೆ ಆಗಷ್ಟೇ ಹೊಸ ಯಂತ್ರ ಬಂದಿತ್ತು. ಖರ್ಚಿನಲ್ಲಿ ಒಂದು ಪಾಲು ಕಂಪನಿಯ ವಿಮೆಯದು ಎಂದು ಅವರಿಗೆ ಗೊತ್ತಿತ್ತು. ಅಂಥ ಕಡೆ ಯಾರಾದರೂ ಆಪರೇಷನ್ ಬೇಡ ಎನ್ನುತ್ತಾರೆಯೇ? ಆದರೆ ಬೇಡವೆಂದು ಬಿಟ್ಟು ಅವಳ ಕಾಲೇ ಹೋದರೆ ಎಂಬ ಹೆದರಿಕೆಯೂ ಇತ್ತು. ಹೆದರಿಕೆ, ಸಂಶಯ ಎರಡೂ ಒಟ್ಟಿಗೆ ಇದ್ದಾಗ ನಿದ್ದೆ ಬರುವುದಿಲ್ಲ.

ನಮ್ಮ ಸ್ಟೋರಿನ ಮಾರುತಿ ಖಾನಾಪುರದವನು. ಊರಿಗೇ ಕರೆದುಕೊಂಡು ಹೋಗಿ ಎಂದ. ಬೆಳಗಾವಿಯಲ್ಲಿ ಮೂಳೆಯ ಒಳ್ಳೆಯ ಡಾಕ್ಟರಿದ್ದಾರೆ, ಖಾನಾಪುರದ ಹತ್ತಿರ ಎಣ್ಣೆ ಕೊಡುವ ಒಬ್ಬ ಅಜ್ಜನಿದ್ದಾನೆ, ಅಕ್ಕ ಶಾಂತವ್ವ ಅಲ್ಲೇ ಇದ್ದಾಳೆ, ಎಲ್ಲ ನೋಡಿಕೊಳ್ಳುತ್ತಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಮಸ್ಕತ್ತಿನ ತಜ್ಞರದೂ ಸೇರಿ ಮೂರು ಕೊಟೇಶನ್ ತಾವಾಗಿಯೇ ಕೂಡಿಬಂದವು. ಆದರೆ ಇವನಿಗೇಕೆ ಇಷ್ಟು ಉತ್ಸಾಹ ಎಂದು ನನ್ನ ಕಿವಿ ನೆಟ್ಟಗಾಯಿತು. ಹೊರಡುವ ಮುಂಚೆ ಅಕ್ಕನಿಗೆಂದು ಒಂದು ಗಂಟು ತಂದುಕೊಟ್ಟ. ಬಿಚ್ಚಿ ನೋಡಿದರೆ ಖರ್ಜೂರದ ಕೆಳಗೆ ನೋವಿನ ಮುಲಾಮಿನ ಡಬ್ಬಿಗಳು. ಒಂದೆರಡಲ್ಲ, ಒಂದು ಅಂಗಡಿ ಇಡುವಷ್ಟು. ಅಕ್ಕ ಅದನ್ನು ಮಾರುತ್ತಾಳೆ, ನಾವು ಹೊತ್ತುಕೊಂಡು ಹೋಗುವ ಕೂಲಿಗಳು ಎಂದು ಪದ್ಮಳಿಗೆ ಹೇಳಿದೆ. ಅವಳು ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು.

ಮುಂಬಯಿ, ಮಿರಜ್

ಮುಂಬಯಿ ವಿಮಾನ ನಿಲ್ದಾಣದಲ್ಲಿ ಪದ್ಮ ತಪಾಸಣೆಯ ಚೌಕಟ್ಟು ದಾಟುತ್ತಿದ್ದಂತೆ ಅದು ಕೂಗಿಕೊಂಡಿತು. ಸೊಂಟದ ಪಟ್ಟಿಯೊಳಗಿನ ಉಕ್ಕಿನ ಕಡ್ಡಿಗಳ ಕೆಲಸ. ಸಿಬ್ಬಂದಿಯ ಹೆಂಗಸು ಅವಳನ್ನು ಪರದೆಯ ಹಿಂದೆ ಕರೆದೊಯ್ದು ಪಟ್ಟಿ ಬಿಚ್ಚಿಸಿ, ಚಿನ್ನವೇನಾದರೂ ಹೊಲಿದಿದ್ದಾರೆಯೇ ಎಂದು ಹಿಸುಕಿ ನೋಡಿದಳಂತೆ. ಹೊರಗಿದ್ದ ಅಧಿಕಾರಿ ಮುಲಾಮಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿದ. ಇದೆಲ್ಲ ಯಾರಿಗೆ ಎಂದು ಕೇಳಿದ. ನಾನು ಮಾರುತಿಯ ಅಕ್ಕನಿಗೆ ಎಂದೆ. ಆತ ನನ್ನ ಮುಖ ನೋಡಿದ ರೀತಿಯಲ್ಲೇ ನಾನು ದಿನವೂ ಸರಬರಾಜುದಾರರ ಮುಖ ನೋಡುತ್ತೇನೆ. ತುಂಬ ಸಿಟ್ಟು ಬಂತು.

ರೈಲಿನಲ್ಲಿ ಪದ್ಮ ಕೆಳಗಿನ ಬರ್ತಿನಲ್ಲಿ ಕಾಲು ಮಡಿಸಿ ಮಲಗಿದಳು. ಮಸ್ಕತ್ತಿನಲ್ಲಿ ಕುಂಟುತ್ತ ನಡೆದರೆ ಜನ ಮುಖ ಆಚೆ ತಿರುಗಿಸುತ್ತಾರೆ, ಕೇಳುವುದು ಸಭ್ಯತೆಯಲ್ಲ ಎಂದು. ಇಲ್ಲಿ ಕೇಳದಿರುವುದು ಸಭ್ಯತೆಯಲ್ಲ. ಮಿರಜ್ ದಾಟುವಷ್ಟರಲ್ಲಿ ಬೋಗಿಯ ಅರ್ಧ ಜನಕ್ಕೆ ಅವಳ ಬೆನ್ನಿನ ಕಥೆ ಗೊತ್ತಾಗಿತ್ತು. ಆಪರೇಷನ್ ಮಾಡಿಸಿಕೊಂಡು ಕೆಟ್ಟವರ ಭಾವ, ಮಾಡಿಸಿಕೊಳ್ಳದೆ ಕೆಟ್ಟವರ ನಾದಿನಿ, ಇಬ್ಬರೂ ಎದುರುಬದುರು ಕೂತಿದ್ದರು. ಯಾವ ಚಿಕಿತ್ಸೆಗೆ ಎಷ್ಟು ಖರ್ಚು, ಎಷ್ಟು ಜನಕ್ಕೆ ಗುಣವಾಯಿತು ಎಂದು ನಾನು ಕೇಳುತ್ತ ಹೋದೆ. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಎಲ್ಲರೂ ಹೇಳಿದ್ದು ಕೈಗುಣದ ಮಾತು. ಗೋಕಾಕದ ಕಡೆಯ ಒಬ್ಬ ಹೆಂಗಸು ನನಗೆ ಸಮಾಧಾನದಿಂದ ತಿಳಿಸಿ ಹೇಳಿದರು.

“ಔಷಧ ಎಲ್ಲಾರ ಕಡೆ ಅದ ಇರತೈತ್ರಿ. ಕೈಗುಣ ಚೊಲೋ ಇರಬೇಕ ನೋಡ್ರಿ. ಒಬ್ರ ಕೈ ಹತ್ತತೈತಿ, ಒಬ್ರದು ಹತ್ತೂದಿಲ್ಲ.”

ಹತ್ತುವುದೆಂದರೆ ಫಲ ಕೊಡುವುದಂತೆ. ಕೈಗೆ ಕೊಟೇಶನ್ ಯಾರ ಹತ್ತಿರ ತರಿಸುವುದು? ನಾನು ಕಿಟಕಿಯ ಕಡೆ ತಿರುಗಿದೆ. ಪದ್ಮ ಮಾತ್ರ ಆ ಹೆಂಗಸಿನ ಜೊತೆ ಬಹಳ ಹೊತ್ತು ಮಾತಾಡಿದಳು.

ಬೆಳಗಾವಿ

ನಿಲ್ದಾಣದ ಹೊರಗೆ ಆಟೋದವನು ಪದ್ಮ ನಡೆಯುವುದನ್ನು ನೋಡಿಯೇ ಯಾವ ದವಾಖಾನಿ ಎಂದ. ನಾನು ಡಾಕ್ಟರ ಹೆಸರು ಹೇಳಿದೆ. ಅದಕ್ಕಿಂತ ಚೊಲೋ ಇನ್ನೊಂದೈತಿ ಎಂದ. ಅಲ್ಲಿಗೆ ಕರೆದೊಯ್ದರೆ ನಿನಗೆಷ್ಟು ಸಿಗುತ್ತದೆ ಎಂದು ನೇರವಾಗಿ ಕೇಳಿದೆ. ಅವನು ಬೇಸರ ಮಾಡಿಕೊಳ್ಳದೆ, ಚಹಾಕ್ಕಾಗೂವಷ್ಟ ಕೊಡತಾರ್ರಿ ಎಂದು ನಕ್ಕ. ನನ್ನ ಸಂಶಯ ಸರಿಯಾಗಿದ್ದಾಗ ಆಗುವ ಖುಷಿ ನನಗೆ ಬೇರೆ ಯಾವುದರಿಂದಲೂ ಆಗುವುದಿಲ್ಲ. ಆ ಖುಷಿಯಲ್ಲಿ ಇಡೀ ಊರೇ ಹೀಗೆ ಎಂದು ತೀರ್ಮಾನಿಸಿಬಿಟ್ಟೆ. ಔಷಧದ ಅಂಗಡಿ, ರಕ್ತ ಪರೀಕ್ಷೆಯವರು, ಲಾಜಿನ ಮ್ಯಾನೇಜರು, ಎಲ್ಲರ ನಡುವೆ ಒಂದು ದಾರ ಓಡಾಡುತ್ತಿರುವಂತೆ ಕಾಣತೊಡಗಿತು.

ಡಾಕ್ಟರು ನಡುವಯಸ್ಸಿನವರು, ಹೆಚ್ಚು ಮಾತಿಲ್ಲ. ಮಸ್ಕತ್ತಿನ ಸ್ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ನೋವು ಎಲ್ಲಿದೆ, ಯಾವಾಗ ಹೆಚ್ಚು ಎಂದು ಪದ್ಮಳನ್ನು ಕೇಳಿದರು. ನಾನು ಹೇಳಲು ಶುರುಮಾಡಿದೆ. “ಸರ, ಕಾಲು ಅವರದೈತಿ, ಅವರ ಹೇಳ್ಲಿ” ಎಂದರು. ಪದ್ಮ ಹೇಳಿದ್ದರಲ್ಲಿ ನನಗೇ ಗೊತ್ತಿಲ್ಲದ್ದು ಬೇಕಾದಷ್ಟಿತ್ತು. ಮಲಗಿಸಿ ಕಾಲೆತ್ತಿ ನೋಡಿದರು. ಆಮೇಲೆ ಹಿಮ್ಮಡಿಯ ಮೇಲೆ ನಡೆಯಲು ಹೇಳಿದರು. ಪದ್ಮ ಗೋಡೆ ಹಿಡಿದು, ಕಾಲ್ಬೆರಳು ಮೇಲೆತ್ತಿ, ಬಾತುಕೋಳಿಯ ಹಾಗೆ ನಾಲ್ಕು ಹೆಜ್ಜೆ ಹಾಕಿದಳು.

ಅಷ್ಟು ನೋಡಿ ಈಗ ಆಪರೇಷನ್ ಬೇಡ ಎಂದರು. ನೋವಿದೆ, ಆದರೆ ಪಾದದ ಶಕ್ತಿ ಹೋಗಿಲ್ಲ. ಇಂಥದು ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ. ಗುಳಿಗೆ ತಗೊಳ್ಳಲಿ, ಭಾರ ಎತ್ತದಿರಲಿ, ಸ್ವಲ್ಪ ಸ್ವಲ್ಪ ನಡೆಯಲಿ, ಐದಾರು ವಾರ ನೋಡೋಣ. ಕಾಲ್ಬೆರಳು ಮೇಲೆತ್ತಲು ಆಗದೆ ಪಾದ ನೆಲಕ್ಕೆ ಎಳೆಯತೊಡಗಿದರೆ, ಇಲ್ಲವೇ ಮೂತ್ರದ ತೊಂದರೆ ಆದರೆ, ಆ ದಿನವೇ ಬನ್ನಿ, ಆಗ ಕಾಯುವಂತಿಲ್ಲ. ಇದನ್ನು ಪದ್ಮಳಿಗೆ ಎರಡು ಸಲ ಹೇಳಿದರು. ಫೀಸು ಎಷ್ಟು ಕಡಿಮೆ ಇತ್ತೆಂದರೆ ನಾನು ಇನ್ನೊಮ್ಮೆ ಕೇಳಿದೆ.

ಹೊರಗೆ ಬಂದಾಗ ಪದ್ಮಳ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂದಿತ್ತು. ನನಗೆ ಸಮಾಧಾನವಿರಲಿಲ್ಲ. ಅಲ್ಲಿ ಅಷ್ಟು ದೊಡ್ಡ ಯಂತ್ರ ಹೇಳಿದ್ದನ್ನು ಇಲ್ಲಿ ನಾಲ್ಕು ಹೆಜ್ಜೆ ನಡೆಸಿ ಇಲ್ಲ ಎನ್ನುವುದೇ? ಇಷ್ಟು ಕಡಿಮೆಗೆ ಮಾಡುವವನು ಏನನ್ನೋ ಬಿಟ್ಟಿರಲೇಬೇಕು. ಅಥವಾ ಕಾಯಿಸಿ ಕಾಯಿಸಿ ಕೊನೆಗೆ ಕೈಗೆ ಸಿಕ್ಕಿಸಿಕೊಳ್ಳುವ ಉಪಾಯವಿರಬೇಕು. ಖಡೇಬಜಾರಿನಲ್ಲಿ ಕುಂದಾ ತಿನ್ನುತ್ತ ಇದನ್ನೇ ಹೇಳಿದೆ. ಪದ್ಮ ತನ್ನ ಪಾಲಿನದನ್ನು ಮುಗಿಸಿ, ನನ್ನ ಎಲೆಯಲ್ಲಿ ಉಳಿದದ್ದನ್ನೂ ತಿಂದಳು.

ಲಾಜಿಗೆ ಮರಳಿದರೆ ಬಾಗಿಲಲ್ಲಿ ಶಾಂತವ್ವ ಕೂತಿದ್ದರು. ಮಾರುತಿ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ತಿಳಿಸಿದ್ದನಂತೆ. ನಲವತ್ತೈದರ ಆಸುಪಾಸಿನ, ಬಿಸಿಲಿಗೆ ಕಂದಿದ ಗಟ್ಟಿ ಹೆಂಗಸು. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸ. ಗಂಡ ಲೋಂಡಾದಲ್ಲಿ ರೈಲ್ವೆ ಹಳಿಯ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾನೆ. ತಮ್ಮನಿಗಿಂತ ಮೇಲಿನ ಹುದ್ದೆಯವನಾದ್ದರಿಂದ ನಾನು ಅಣ್ಣಾರ, ಪದ್ಮ ವೈನಿ, ಅಂದರೆ ಅತ್ತಿಗೆ. ಸಂಬಂಧ ಕಟ್ಟಿ ಮುಗಿಸಿದ ಮೇಲೆ ಲಾಜಿನ ಮಂಚದ ಮೇಲೆ ಕೈಯೊತ್ತಿ ನೋಡಿ, ಇಂಥಾ ಮೆತ್ತನ ಹಾಸಿಗಿ ಮ್ಯಾಲ ಮಲಗಿದ್ರ ಬೆನ್ನ ಹೋಗೂದ ಎಂದು ನಮ್ಮ ಸಾಮಾನು ಕಟ್ಟತೊಡಗಿದರು. ಬೇಡವೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪದ್ಮ ಚಪ್ಪಲಿ ಹಾಕಿಕೊಂಡಿದ್ದಳು.

ಖಾನಾಪುರ

ಕೆಮ್ಮಣ್ಣಿನ ಊರು. ಗೋಡೆ, ರಸ್ತೆ, ಮಲಪ್ರಭೆಯ ದಂಡೆ, ಶಾಂತವ್ವನ ಸೀರೆಯ ಅಂಚು ಎಲ್ಲಕ್ಕೂ ಒಂದೇ ಬಣ್ಣ. ಒಂದೇ ಸಾಲಿನಲ್ಲಿ ಒಂದು ಮನೆಯವರು ಮರಾಠಿ, ಮುಂದಿನ ಮನೆಯವರು ಕನ್ನಡ, ಮೂರನೆಯವರು ಮನೆಯೊಳಗೆ ದಖನಿ ಉರ್ದು ಮಾತಾಡುತ್ತಾರೆ. ಹೊರಗೆ ಬಂದರೆ ಎಲ್ಲರೂ ಎಲ್ಲವನ್ನೂ. ಮನೆಯಲ್ಲಿದ್ದದ್ದು ಒಂದೇ ಹಲಗೆಯ ಮಂಚ, ಅದು ಪದ್ಮಳಿಗೆ. ಶಾಂತವ್ವ ಅದರ ಪಕ್ಕ ನೆಲಕ್ಕೆ ಕಂಬಳಿ ಹಾಸಿಕೊಂಡರು, ನಾನು ಪಡಸಾಲೆಯಲ್ಲಿ. ಡಿಸೆಂಬರಿನ ಚಳಿ. ಬೆಳಕಾಗುವ ಮುಂಚೆ ಅವರು ನೀರಿಗೆ ಹೊರಟಾಗ ಚಪ್ಪಲಿ ನೆಲ ಒರೆಸುತ್ತ ಹೋಗುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಕಾಲೆತ್ತಿ ನಡೆಯಲು ಇವರಿಗೇನು ಸೋಮಾರಿತನ ಎಂದು ಕಂಬಳಿ ಮುಸುಕೆಳೆದುಕೊಳ್ಳುತ್ತಿದ್ದೆ.

ಎಣ್ಣೆಯ ಅಜ್ಜನ ಹಳ್ಳಿಗೆ ಕಾಡಿನ ದಾರಿಯಲ್ಲಿ ಜೀಪಿನಲ್ಲಿ ಹೋದೆವು. ಸೊಂಟನೋವಿನವರನ್ನು ಆ ದಾರಿಯಲ್ಲಿ ಕುಲುಕಿಸಿ ಕರೆದೊಯ್ದರೆ ಇಳಿದು ಕೂತ ಕೂಡಲೆ ನೋವು ಕಡಿಮೆ ಎನ್ನಿಸಲೇಬೇಕು, ಅದೂ ವ್ಯಾಪಾರದ ಒಂದು ಭಾಗ ಎಂದುಕೊಂಡೆ. ಅಜ್ಜ ಪದ್ಮಳ ನಾಡಿ ನೋಡಿ, ಒಳಗಿನಿಂದ ಒಂದು ಬಾಟಲಿ ಕರಿ ಎಣ್ಣೆ ತಂದುಕೊಟ್ಟ. ಏನು ಹಾಕಿದ್ದೀರಿ ಎಂದು ಕೇಳಿದರೆ ಹೇಳಲಿಲ್ಲ. ಹಣ ಕೊಡಲು ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

“ರೊಕ್ಕಾ ತಗೊಂಡ್ರ ಔಷಧ ಹತ್ತೂದಿಲ್ಲ, ತಮ್ಮಾ. ಕಾಯಿ, ಎಲಿ-ಅಡಿಕಿ ಇಟ್ಟ ಹೋಗ್ರಿ. ಪಥ್ಯಾ ಮಾತ್ರ ಕಟ್ಟನಿಟ್ಟ. ತಿಂಗಳಾನಗಟ್ಲೆ ಒಂದ ಕೊಡಾ ನೀರ ಸೈತ ಎತ್ತಬಾರ್ದು.”

ನನ್ನ ಅನುಭವದಲ್ಲಿ ಪುಕ್ಕಟೆಯದರಷ್ಟು ದುಬಾರಿ ಯಾವುದೂ ಇಲ್ಲ. ಸ್ಯಾಂಪಲ್ ಎಂದು ಬಂದ ಒಂದು ನಲ್ಲಿಯ ಹಿಂದೆ ಇಡೀ ಕಟ್ಟಡದ ನಲ್ಲಿಗಳ ಆರ್ಡರು ಇರುತ್ತದೆ. ಹಾಗಾದರೆ ಇಲ್ಲಿ ಲಾಭ ಯಾರಿಗೆ? ಜೀಪಿನವನಿಗೆ ಸ್ವಲ್ಪ, ಬಾಗಿಲಲ್ಲೇ ತೆಂಗಿನಕಾಯಿ ಮಾರುವವಳಿಗೆ ಸ್ವಲ್ಪ. ಉಳಿದದ್ದು ಕರೆದುಕೊಂಡು ಬಂದವರಿಗೇ ಇರಬೇಕು. ವಾಪಸು ಬಂದ ಸಂಜೆ ಶಾಂತವ್ವನನ್ನು ಕೇಳಿಯೇಬಿಟ್ಟೆ, ಆ ಅಜ್ಜ ನಿಮಗೆ ಏನು ಕೊಡುತ್ತಾನೆ ಎಂದು. ಪದ್ಮ ಒಳಗಿನಿಂದ ನನ್ನ ಹೆಸರು ಹಿಡಿದು ಕರೆದಳು, ಅವಳು ಹಾಗೆ ಕರೆಯುವುದು ಅಪರೂಪ.

ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮುತ್ಯಾ ನನಗೇನೂ ಕೊಡೂದಿಲ್ರಿ, ಅಣ್ಣಾರ” ಎಂದರು. ಅಷ್ಟೇ. ನಾನು ನಂಬಲಿಲ್ಲ.

ಎಣ್ಣೆಯನ್ನು ಬಿಸಾಡಲೂ ಮನಸ್ಸು ಬರಲಿಲ್ಲ. ಪದ್ಮಳ ಕಾಲಿನ ವಿಷಯ. ಹತ್ತಿದರೆ ಹತ್ತಲಿ ಎಂಬ ಆಸೆ ಒಳಗೆಲ್ಲೋ ಇತ್ತು. ಆದರೆ ಕ್ರಮವಾಗಿ ನಡೆಯಬೇಕು ಎಂದು ಒಂದು ಯೋಜನೆ ಹಾಕಿದೆ. ಮೊದಲು ಡಾಕ್ಟರ ಗುಳಿಗೆ ಮಾತ್ರ, ಕೆಲವು ದಿನ. ಆಮೇಲೆ ಅದನ್ನು ನಿಲ್ಲಿಸಿ ಎಣ್ಣೆ ಮಾತ್ರ. ಯಾವುದರಲ್ಲಿ ಎಷ್ಟು ಇಳಿಯಿತು ಎಂದು ನೋಡಿ ಕೊನೆಗೆ ಮಸ್ಕತ್ತಿನ ಆಪರೇಷನ್ನಿಗೆ ಹೋಲಿಸಿ ತೀರ್ಮಾನ. ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ವಿವರಿಸಿದೆ. ಇಬ್ಬರೂ ತಲೆಯಾಡಿಸಿದರು.

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವನಿಗೂ ಅಡುಗೆಮನೆಯ ಒಳಗೇನು ನಡೆಯುತ್ತದೆ ಎಂದು ಕಾಣುವುದಿಲ್ಲ. ನಾನು ನದಿಯ ಕಡೆ ತಿರುಗಾಡಲು ಹೋದಾಗ ಬಾಟಲಿಯ ಎಣ್ಣೆ ಇಳಿಯುತ್ತಿತ್ತು ಎಂದು ನನಗೆ ಗೊತ್ತಾದದ್ದು ಕೊನೆಗೆ. ಪಕ್ಕದ ಮನೆಯ ಹಿರಿಯ ಹೆಂಗಸು ತನ್ನ ಕಷಾಯ ತಂದುಕೊಡುತ್ತಿದ್ದಳು. ಮೂರನೇ ಮನೆಯವರು ದರ್ಗಾದ ದಾರ ಕಟ್ಟಿ ಹೋಗಿದ್ದರು. ಇದೆಲ್ಲದರ ಮೇಲೆ ಶಾಂತವ್ವನ ಸ್ವಂತ ಚಿಕಿತ್ಸೆಯೊಂದಿತ್ತು. ಕಾರ್ಖಾನೆಯಿಂದ ತಂದ ಹೊಸ ಹೆಂಚನ್ನು ಒಲೆಯ ಬದಿಗಿಟ್ಟು ಕಾಯಿಸಿ, ಹಳೆಯ ಸೀರೆಯಲ್ಲಿ ಸುತ್ತಿ ಪದ್ಮಳ ಸೊಂಟಕ್ಕೆ ಇಡುವುದು. ಗಾರೆಯ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಛಾವಣಿಯ ಹೆಂಚನ್ನು ಅಪ್ಪಿಕೊಂಡು ಮಲಗುತ್ತಾಳೆ ಎಂದರೆ ಯಾರು ನಂಬುತ್ತಾರೆ? ಕೇಳಿದರೆ ಚಳಿಗೆ ಎನ್ನುತ್ತಿದ್ದಳು. ಅವಳಿಗೆ ಅಲ್ಲಿ ಒಂದು ಚೊಂಬು ಎತ್ತಲೂ ಯಾರೂ ಬಿಡುತ್ತಿರಲಿಲ್ಲ. ಬಗ್ಗಿದರೆ ಸಾಕು, ಯಾರಾದರೊಬ್ಬರು ಬಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಸಂಜೆ ಹೆಂಗಸರೆಲ್ಲ ಸೇರಿ ಅವಳನ್ನು ನಡುವೆ ಬಿಟ್ಟುಕೊಂಡು ನದಿಯ ತನಕ ನಿಧಾನಕ್ಕೆ ನಡೆದು ಬರುತ್ತಿದ್ದರು.

ನೋವು ಇಳಿಯತೊಡಗಿತು. ಮೊದಲು ರಾತ್ರಿಯ ಹಲ್ಲು ಕಚ್ಚುವುದು ನಿಂತಿತು. ಆಮೇಲೆ ಕುಂಟು ಕಡಿಮೆಯಾಯಿತು. ಎಣ್ಣೆಯ ಸರದಿ ಬರುವ ಮೊದಲೇ ಇಳಿದದ್ದರಿಂದ ಗುಳಿಗೆಯನ್ನೇ ಮುಂದುವರಿಸಿದೆವು, ನನ್ನ ಲೆಕ್ಕದಲ್ಲಿ ಅದು ಗುಳಿಗೆಯ ಗೆಲುವು. ಆದರೆ ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ದಿನವೂ ಕೆಲಸದಿಂದ ಬಂದ ಕೂಡಲೆ ಶಾಂತವ್ವ ಕೈಕಾಲಿನ ಮಣ್ಣು ಸಹ ತೊಳೆಯದೆ ಪದ್ಮಳ ಪಕ್ಕ ಕೂತು ವಿಚಾರಿಸುತ್ತಿದ್ದರು. ಇವತ್ತು ಹೇಗಿದೆ, ಎಲ್ಲಿಯವರೆಗೆ ಇಳಿಯಿತು, ಯಾವುದಾದ ಮೇಲೆ ಹಗುರಾಯಿತು. ಅತಿಥಿಯ ಕ್ಷೇಮ ಕೇಳುವವರು ಒಮ್ಮೆ ಕೇಳಿ ಬಿಡುತ್ತಾರೆ. ಇವರು ನಮ್ಮ ಆಡಿಟರನಂತೆ ಕೇಳುತ್ತಿದ್ದರು. ಸುದ್ದಿ ಎಣ್ಣೆಯ ಅಜ್ಜನಿಗೆ ಹೋಗುತ್ತಿದೆ, ಮಸ್ಕತ್ತಿನವರಿಗೇ ಗುಣವಾಯಿತು ಎಂದು ಅವನು ಹೇಳಿಕೊಳ್ಳಲಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಖಾನಾಪುರ, ಹೊರಡುವ ಹಿಂದಿನ ದಿನ

ಡಾಕ್ಟರು ಹೇಳಿದ ಐದಾರು ವಾರ ಮುಗಿದಿತ್ತು. ಮರುದಿನ ಬೆಳಗಾವಿಯ ಡಾಕ್ಟರಿಗೆ ಕೊನೆಯ ಸಲ ತೋರಿಸಿ ಮುಂಬಯಿಗೆ ಹೊರಡುವುದಿತ್ತು. ಶಾಂತವ್ವ ಪದ್ಮಳಿಗೆ ಉಡಿ ತುಂಬಲು ಮಣೆ ಹಾಕಿದರು. ಮದುವೆಯಾದ ಹೆಂಗಸು ಮನೆಯಿಂದ ಹೊರಡುವಾಗ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಸೆರಗಿಗೆ ಹಾಕುವುದು ಅಲ್ಲಿಯ ರೂಢಿ. ಪದ್ಮ ಮಣೆಯ ಮೇಲೆ ಕೂತಳು, ಗೋಡೆ ಹಿಡಿಯದೆ. ಉಡಿ ತುಂಬಿಸಿಕೊಂಡು ಎದ್ದಳು, ಗೋಡೆ ಹಿಡಿಯದೆ. ಆಮೇಲೆ ಪಕ್ಕದ ಮನೆಯ ಹಿರಿಯ ಹೆಂಗಸಿನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಷ್ಟು ಕೆಳಗೆ ಅವಳು ಬಗ್ಗಿದ್ದನ್ನು ನೋಡಿ ವರ್ಷವಾಗುತ್ತ ಬಂದಿತ್ತು. ನನ್ನ ಮುಖ ಯಾರಿಗೂ ಕಾಣಬಾರದೆಂದು ಹೊರಗೆ ಹೋಗಿ ನಿಂತೆ.

ಶಾಂತವ್ವ ಹಿಂದೆಯೇ ಬಂದರು. “ಅಣ್ಣಾರ, ನೀವು ಎಲ್ಲಾ ತೂಕಾ ಮಾಡಿ ನೋಡೂ ಮಂದಿ. ಖರೇ ಹೇಳ್ರಿ. ವೈನಿಯವರಿಗೆ ಯಾವುದರಿಂದ ಕಡಿಮಿ ಆತು?” ಎಂದು ಕೇಳಿದರು.

ಸಿಕ್ಕಿಬಿದ್ದರು ಎಂದುಕೊಂಡೆ. ದಿನವೂ ಇದನ್ನೇ ಯಾಕೆ ಕೇಳುತ್ತೀರಿ, ನಿಮಗೇನು ಇದರಿಂದ ಎಂದೆ.

“ನನಗೂ ಅದ ಬ್ಯಾನಿ ಐತ್ರಿ” ಎಂದರು.

ಸೊಂಟದಿಂದ ಎಡಗಾಲಿಗೆ. ಎರಡು ವರ್ಷದಿಂದ ಬಂದು ಹೋಗಿ ಮಾಡುತ್ತಿತ್ತು, ಈಚೆಗೆ ಹೋಗುತ್ತಲೇ ಇಲ್ಲ. ಮಾರುತಿ ಮುಲಾಮು ಕಳಿಸುವುದು ಅದಕ್ಕೇ. ಎಣ್ಣೆ ಹಚ್ಚಿಕೊಳ್ಳಬಹುದಿತ್ತಲ್ಲ, ಅದು ಪುಕ್ಕಟೆ ಅಲ್ಲವೇ ಎಂದೆ.

“ಎಣ್ಣಿ ಫುಕಟರಿ. ಪಥ್ಯಾ ಫುಕಟ ಅಲ್ಲಲ್ರಿ. ತಿಂಗಳಾನಗಟ್ಲೆ ಮಣ್ಣ ಹೊರಲಿಲ್ಲಂದ್ರ ಕೆಲಸದಾಗ ಬ್ಯಾರೇದಾಕಿನ್ನ ಇಟಗೋತಾರ. ಡಾಕ್ಟರಗ ತೋರಸೂದಂದ್ರ ಅದಕೊಂದ ಖರ್ಚ. ಎಲ್ಲಾ ಮಾಡಿ ನೋಡೂದು ನಮಗ ಆಗೂದಿಲ್ರಿ. ನಿಮ್ಮದು ನೋಡಿ, ಹತ್ತೂದು ಯಾವುದೋ ಅದನ್ನ ಒಂದ ಮಾಡೂಣು ಅಂತ ಕುಂತಿದ್ನಿ.”

ಅವರಿಗೆ ಇದರಲ್ಲಿ ಸ್ವಾರ್ಥವಿದೆ ಎಂದು ನಾನು ಮೊದಲ ದಿನದಿಂದ ಹೇಳುತ್ತಿದ್ದೆ. ಇತ್ತು. ನನ್ನ ಸಂಶಯ ಸರಿಯಾಗಿಯೇ ಇತ್ತು, ಈ ಸಲ ಮಾತ್ರ ಅದರಿಂದ ಖುಷಿಯಾಗಲಿಲ್ಲ. ಗುಳಿಗೆಯಿಂದ ಎಂದು ಹೇಳಲು ಹೊರಟೆ. ಬಾಗಿಲಲ್ಲಿ ನಿಂತಿದ್ದ ಪದ್ಮ ಆಗ ಬಾಯಿಬಿಟ್ಟಳು. ಎಣ್ಣೆ, ಕಷಾಯ, ಹೆಂಚು ಎಲ್ಲವೂ ಗುಳಿಗೆಯ ಜೊತೆಗೇ ನಡೆದಿತ್ತು. ನನ್ನ ಹೋಲಿಕೆ ಅಲ್ಲಿಗೆ ಮಣ್ಣುಪಾಲು. ನಾನು ಪದ್ಮಳಿಗಿಂತ ಹೆಚ್ಚಾಗಿ ಶಾಂತವ್ವನ ಮೇಲೆ ರೇಗಿದೆ. ಯಾವುದು ಹತ್ತುತ್ತದೆ ಎಂದು ತಿಳಿಯಬೇಕಿದ್ದವರು ನೀವು, ಎಲ್ಲವನ್ನೂ ಕಲಸಿದ್ದೇಕೆ?

ಅವರು ತಲೆ ತಗ್ಗಿಸಿದರು. “ಎರಡ ದಿನಾ ತಡದ್ನಿರಿ. ಬರೇ ಗುಳಿಗಿ ಕೊಟ್ನಿ. ಮೂರನೇ ರಾತ್ರಿ ವೈನಿಯವರು ಅಳಾಕ ಹತ್ತಿದ್ರು. ಮಗ್ಗಲದಾಗ ಮಲಗಿದಾಕಿ ನಾನು, ಎಣ್ಣಿ ಗ್ವಾಡಿ ಗೂಡಿನ್ಯಾಗ ಇಟಗೊಂಡ ಹೆಂಗ ಸುಮ್ಮನ ಇರಲಿ? ಕೈಗೆ ಸಿಕ್ಕಿದ್ದೆಲ್ಲಾ ಮಾಡಿಬಿಟ್ನಿ.”

ಅವರು ಒಳಗೆ ಹೋಗಲು ತಿರುಗಿದರು. ಆಗ ಆ ಸದ್ದು ಕೇಳಿತು, ಬೆಳಗಿನ ಜಾವ ನಾನು ಕಂಬಳಿಯೊಳಗೆ ಬೈದುಕೊಳ್ಳುತ್ತಿದ್ದ ಸದ್ದು. ಎಡಗಾಲಿನ ಚಪ್ಪಲಿ ನೆಲ ಒರೆಸುತ್ತಿತ್ತು. ಪದ್ಮ ನನ್ನತ್ತ ನೋಡಿದಳು. ನಾನು ಏನಾದರೂ ಹೇಳುವ ಮುಂಚೆ ಅವಳು ಶಾಂತವ್ವನ ಕೈಹಿಡಿದು ಹಿಮ್ಮಡಿಯ ಮೇಲೆ ನಡೆಯಲು ಹೇಳಿದಳು, ಡಾಕ್ಟರು ತನಗೆ ಹೇಳಿದ ಹಾಗೆಯೇ. ಶಾಂತವ್ವ ಇದೇನು ಆಟ ಎಂದು ನಗುತ್ತ ಹೆಜ್ಜೆ ಹಾಕಿದರು. ಬಲಗಾಲಿನ ಬೆರಳು ಮೇಲೆದ್ದವು. ಎಡಗಾಲಿನವು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಪಾದ ಒದ್ದೆ ಬಟ್ಟೆಯಂತೆ ಕೆಳಗೆ ಬಿತ್ತು. ಆಮೇಲೆ ಅವರೂ ನಗಲಿಲ್ಲ.

ಮತ್ತೆ ಬೆಳಗಾವಿ

ಬೆಳಗ್ಗೆ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಪೀರನವಾಡಿ ದಾಟಿದ ಮೇಲೆ ಶಾಂತವ್ವ, ಕಾರ್ಖಾನೆಗೆ ಹೇಳಿ ಬಂದಿಲ್ಲ ಎಂಬುದೊಂದೇ ಚಿಂತೆ ಎಂದು ಪದ್ಮಳಿಗೆ ಹೇಳಿದರಂತೆ.

ಡಾಕ್ಟರು ಪದ್ಮಳನ್ನು ಬೇಗ ನೋಡಿ ಮುಗಿಸಿದರು. ಅವಳಿಗೆ ಆಪರೇಷನ್ ಬೇಕಿಲ್ಲ. ಯಾವುದರಿಂದ ಗುಣವಾಯಿತು ಎಂದು ಕೇಳಿದೆ. ಗುಳಿಗೆ ಎನ್ನುತ್ತಾರೆಂದು ಕಾದಿದ್ದೆ. ಹೇಳಲಿಕ್ಕಾಗೂದಿಲ್ರಿ, ದಿನಾ ಕಳದಂಗ ತಾನ ಇಳದಿರಬಹುದು ಎಂದರು. ತನ್ನ ಸರಕನ್ನು ತಾನೇ ಹೊಗಳದ ವ್ಯಾಪಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಇದರಲ್ಲೇನೋ ಇರಬೇಕು ಎಂದು ಮನಸ್ಸು ಅಭ್ಯಾಸಬಲದಿಂದ ಒಂದು ಸುತ್ತು ಹುಡುಕಿ ಬಂತು.

ಶಾಂತವ್ವನನ್ನು ನೋಡಲು ಬಹಳ ಹೊತ್ತು ಹಿಡಿಯಿತು. ಕಾಲು ಎತ್ತಿಸಿದರು, ಬೆರಳು ಒತ್ತಿಸಿದರು, ಸೂಜಿಯ ಮೊನೆ ತಾಗಿಸಿ ತಿಳಿಯುತ್ತದೆಯೇ ಎಂದು ಕೇಳಿದರು. ಅವರನ್ನು ಹೊರಗೆ ಕೂರಿಸಿ ನನಗೆ ಹೇಳಿದರು: ಇದು ನಿಮ್ಮ ಮನೆಯವರದರ ಹಾಗಲ್ಲ. ನರದ ಶಕ್ತಿ ಹೋಗುತ್ತಿದೆ. ಸ್ಕ್ಯಾನ್ ತೆಗೆಸಿ ಈ ವಾರದಲ್ಲೇ ಆಪರೇಷನ್ ಆಗಬೇಕು. ತಡಮಾಡಿದರೆ ಪಾದ ಹಾಗೇ ಉಳಿಯುತ್ತದೆ. ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿಸೋಣ.

ಆಪರೇಷನ್ ಎಂಬ ಮಾತು ಕೇಳಿದ ಕೂಡಲೆ ಸಂಶಯಪಟ್ಟು ಸಮುದ್ರ ದಾಟಿ ಬಂದವನು ನಾನು. ಈಗ ಹೊರಗೆ ಬೆಂಚಿನ ಮೇಲೆ ಶಾಂತವ್ವನ ಪಕ್ಕ ಕೂತು ಆಪರೇಷನ್ನಿನ ಗುಣಗಾನ ಮಾಡತೊಡಗಿದೆ. ಮಾರುತಿಗೆ ಫೋನ್ ಮಾಡುತ್ತೇನೆ, ಖರ್ಚಿನ ಚಿಂತೆ ಬೇಡ, ಟಿಕೆಟ್ಟು ಮುಂದಕ್ಕೆ ಹಾಕಿಸಿ ನಾವು ಇಲ್ಲೇ ಇರುತ್ತೇವೆ, ಇವರು ಒಳ್ಳೆಯ ಡಾಕ್ಟರು, ಕೈಗುಣ ಒಳ್ಳೆಯದು ಎಂದೆಲ್ಲ ಹೇಳಿದೆ. ಕೈಗುಣ ಎಂಬ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಪದ್ಮ ಕತ್ತು ತಿರುಗಿಸಿ ನೋಡಿದಳು. ಶಾಂತವ್ವ ನೆಲ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನನ್ನ ಮಾತು ಮುಗಿದ ಮೇಲೆ ತಲೆಯೆತ್ತಿದರು.

“ಅಣ್ಣಾರ, ಈ ಡಾಕ್ಟರು ನಿಮಗ ಏನ ಕೊಡತಾರ್ರಿ?”

ಹಂಗಿಸುವ ದನಿಯಾಗಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ಇಷ್ಟು ಒತ್ತಿ ಹೇಳುವವನಿಗೆ ಏನಾದರೂ ಸಿಗುತ್ತಿರಲೇಬೇಕು ಎಂದು ಅವರಿಗೆ ಅನ್ನಿಸಿತ್ತು. ಅವರ ಜಾಗದಲ್ಲಿದ್ದರೆ ನನಗೂ ಅನ್ನಿಸುತ್ತಿತ್ತು.

“ಏನೂ ಕೊಡುವುದಿಲ್ಲ” ಎಂದೆ.

“ಮುತ್ಯಾ ನನಗೇನೂ ಕೊಡೂದಿಲ್ಲ ಅಂತ ನಾನೂ ಹೇಳಿದ್ನಿರಿ. ನೀವು ನಂಬಲಿಲ್ಲ.”

“ಇಲ್ಲ” ಎಂದೆ.

“ನಂಬದನ ಎಣ್ಣಿ ಇಟಗೊಂಡ್ರಿ.”

ಹೌದೆಂದು ತಲೆಯಾಡಿಸಿದೆ. ಪದ್ಮ ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಶಾಂತವ್ವ ತಮ್ಮ ಎಡಗಾಲನ್ನು ಮುಂದೆ ಚಾಚಿ ಬೆರಳನ್ನು ಎತ್ತಲು ಇನ್ನೊಮ್ಮೆ ನೋಡಿದರು. ಅವು ಏಳಲಿಲ್ಲ. ಕಾಲನ್ನು ಹಿಂದಕ್ಕೆ ಎಳೆದುಕೊಂಡು ಡಾಕ್ಟರ ಬಾಗಿಲ ಕಡೆಗೆ ನೋಡಿದರು.

“ಹಂಗಾರ ನಾನೂ ನಂಬೂದಿಲ್ರಿ” ಎಂದರು. “ಯಾವತ್ತ ಬಂದ ಮಲಗಬೇಕಂತ ಕೇಳ್ಕೊಂಡ ಬರ್ರಿ.”

ನಾನು ಎದ್ದು ಕೇಳಲು ಒಳಗೆ ಹೋದೆ.